ಯಂತ್ರ ನಮ್ಮ ಕರಾವಳಿಯ ಮಾತು ಕಲಿತದ್ದು

ಸದಾಶಿವಗಡದಲ್ಲಿ ನನ್ನದೊಂದು ಚಿಕ್ಕ ಝೆರಾಕ್ಸ್ ಅಂಗಡಿ ಇದೆ. ಅಲ್ಲಿಗೆ ಒಂದು ಬೆಳಿಗ್ಗೆ ಧಾರವಾಡದ ಕಡೆಯ ಹುಡುಗಿಯೊಬ್ಬಳು ಬಂದಳು. ಕಂಪ್ಯೂಟರಿಗೆ ಕನ್ನಡದ ಮಾತು ಅರ್ಥವಾಗುವಂತೆ ಮಾಡುವ ಯೋಜನೆಯೊಂದರಲ್ಲಿ ಅವಳಿಗೆ ಕೆಲಸ. ಎಲ್ಲ ಜಿಲ್ಲೆಗಳ ಜನರ ದನಿ ಬೇಕಂತೆ. ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಬೇಕು, ಎದುರಿಗಿದ್ದವರು ಅದರಲ್ಲಿ ಕಂಡದ್ದನ್ನು ತಮ್ಮ ಮಾತಿನಲ್ಲಿ ಹೇಳಬೇಕು. ಈ ಕಡೆಯ ದನಿಗಳನ್ನು ನೀವು ಕೂಡಿಸಿಕೊಡುತ್ತೀರಾ ಎಂದು ಕೇಳಿದಳು. ಒಪ್ಪಿಕೊಂಡೆ.

ಮೊದಲು ನೆನಪಾದದ್ದು ಮೌಶಿ. ಅಮ್ಮನ ತಂಗಿ, ಕಾರವಾರದ ಪೇಟೆಯಲ್ಲಿ ಮೀನು ಮಾರುತ್ತಾಳೆ. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ಕನ್ನಡ. ಅವಸರವಾದರೆ ಎರಡೂ ಒಂದೇ ಉಸಿರಿನಲ್ಲಿ. ಮೊಬೈಲಿನಲ್ಲಿ ಬಂದ ಚಿತ್ರವೂ ಮೀನು ಮಾರುವವಳದ್ದೇ ಆಗಿತ್ತು. ಮೌಶಿ ಕನ್ನಡಕ ಏರಿಸಿಕೊಂಡು ಅದನ್ನು ಚೆನ್ನಾಗಿ ನೋಡಿದಳು.

“ಒಂದು ಹೆಂಗ್ಸು ಬುಟ್ಟಿ ಇಟ್ಕಂಡು ಕೂತದೆ. ಬುಟ್ಟೀಲಿ ಶೆಟ್ಲಿ ಅದೆ. ತಾಜಾ ಅಲ್ಲ, ಐಸಲ್ಲಿ ಇಟ್ಟದ್ದು. ನಾನಾದ್ರೆ ತಕಳೂದಿಲ್ಲ.”

ವಾರ ಕಳೆಯುವುದರೊಳಗೆ ನಾನು ಕಳಿಸಿದ ಅವಳ ಮಾತುಗಳಲ್ಲಿ ಬಹುಪಾಲು ಒಪ್ಪಿಗೆಯಾಗದೆ ವಾಪಸು ಬಂದವು. ಯಂತ್ರ ಶೆಟ್ಲಿಯನ್ನು ಶೆಟ್ಟಿ ಎಂದು ಬರೆದುಕೊಂಡಿತ್ತು. ಹಾಗಾಗಿ ಬುಟ್ಟಿಯಲ್ಲಿ ಸಿಗಡಿಯ ಬದಲು ಶೆಟ್ಟರು ಕೂತಿದ್ದರು. ಅದಕ್ಕೆ ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆದರೆ ಅದರ ಕೆಳಗೆ ಎಲ್ಲಿಯೋ ಕೂತು ಪರಿಶೀಲಿಸುವವರು ಬರೆದ ಷರಾ ಇತ್ತು: ‘ವ್ಯಾಕರಣ ದೋಷ. ಶುದ್ಧ ಕನ್ನಡವಲ್ಲ.’ ಅದನ್ನು ಓದಿ ಹೇಳಿದಾಗ ಮೌಶಿಯ ನಗು ನಿಂತಿತು.

“ಹಂಗಾದ್ರೆ ನಾನು ಇಷ್ಟು ವರ್ಷ ಎಂತ ಮಾತಾಡ್ದೆ ಮಗಾ?” ಎಂದಳು.

ಆ ಪ್ರಶ್ನೆ ನನಗೆ ನಾಟಿತು. ಧಾರವಾಡದ ಹುಡುಗಿಗೆ ಫೋನು ಮಾಡಿದೆ. ಅವಳು ತನ್ನ ಮೇಲಿನವರನ್ನು ವಿಡಿಯೋ ಕರೆಗೆ ಕೂಡಿಸಿದಳು. ನಡುವಯಸ್ಸಿನ ಇಂಜಿನಿಯರು, ಸಾವಧಾನದ ಮನುಷ್ಯ. ನಮ್ಮ ಕಡೆ ಹೆಂಗಸರಿಗೆ ಕೂತದೆ, ಬಂತು ಅಂತಲೇ ಹೇಳುವುದು, ಅದರಲ್ಲಿ ಅಗೌರವ ಇಲ್ಲ, ತಪ್ಪೂ ಇಲ್ಲ ಎಂದು ವಿವರಿಸಿದೆ. ನಮ್ಮ ಮಾತು ಕೇಳಿ ಕಲಿಯುವುದಕ್ಕಲ್ಲವೇ ನೀವು ಬಂದದ್ದು ಎಂದೂ ಕೇಳಿದೆ.

ಅವರು ಹೇಳಿದರು: “ಚದುರಂಗದಲ್ಲಿ ಜಗತ್ತಿನ ಚಾಂಪಿಯನ್ನನ್ನೇ ಸೋಲಿಸಿದ ಯಂತ್ರ ಬಂದು ಎಷ್ಟೋ ಕಾಲ ಆಯ್ತು ಮೇಡಂ. ಅದು ಸುಲಭ, ಯಾವ ಊರಿಗೆ ಹೋದರೂ ಕುದುರೆಯ ನಡೆ ಒಂದೇ. ಮಾತು ಹಾಗಲ್ಲ. ನಮ್ಮ ಯಂತ್ರ ಈವರೆಗೆ ಕೇಳಿದ್ದೆಲ್ಲ ವಾರ್ತೆ ಓದುವವರ ಕನ್ನಡ. ನಿಮ್ಮ ಮೌಶಿ ಒಬ್ಬರೇ ಹೀಗೆ ಹೇಳಿದರೆ ಅದು ತಪ್ಪು ಅಂದುಕೊಳ್ಳುತ್ತದೆ. ಊರಿಗೆ ಊರೇ ಹೇಳಿದರೆ ಭಾಷೆ ಅಂತ ತಿಳಿಯುತ್ತದೆ. ತರ್ತೀರಾ?”

ತರ್ತೇನೆ ಎಂದೆ.

ಆಮೇಲೆ ಅಂಗಡಿಯನ್ನು ಮಧ್ಯಾಹ್ನಕ್ಕೇ ಮುಚ್ಚಿ ಬಸ್ಸು ಹತ್ತತೊಡಗಿದೆ. ಪೇಟೆಯಲ್ಲಿ ಮೌಶಿಯ ಪಕ್ಕ ಕೂರುವ ಹೆಂಗಸರು, ಬಲೆ ರಿಪೇರಿ ಮಾಡುವವರು, ಅಂಕೋಲೆಯ ಗದ್ದೆ ಮನೆಗಳ ಅಜ್ಜಂದಿರು, ಗೋವೆಯ ಬಸ್ಸಿಗೆ ಕಾಯುವ ನರ್ಸುಗಳು. ಮೊದಮೊದಲು ಎಲ್ಲರೂ ಗಂಟಲು ಸರಿಮಾಡಿಕೊಂಡು ಶಾಲೆಯ ಪದ್ಯ ಒಪ್ಪಿಸುವವರಂತೆ ಮಾತಾಡುತ್ತಿದ್ದರು. “ನನ್ನ ಹತ್ರ ಮಾತಾಡ್ದಂಗೆ ಮಾತಾಡಿ,” ಎಂದು ಬೇಡಿಕೊಳ್ಳಬೇಕಾಗುತ್ತಿತ್ತು. ಮೌಶಿಯೂ ಬಿಡುವಿದ್ದಾಗ ಜೊತೆಗೆ ಬರುತ್ತಿದ್ದಳು. ಅವಳು ಒಂದು ಮಾತು ಬೈದರೆ ಸಾಕು, ಎಲ್ಲರ ನಾಲಿಗೆ ಸಡಿಲಾಗುತ್ತಿತ್ತು.

ಚೆಂಡಿಯಾದ ಕಡೆ ಸಿಕ್ಕ ಒಬ್ಬ ಅಜ್ಜಿಯನ್ನು ಮರೆಯಲಾರೆ. ನೌಕಾನೆಲೆಗೆ ಜಮೀನು ಹೋದ ಮೇಲೆ ಸರಕಾರ ಕೊಟ್ಟ ಜಾಗದಲ್ಲಿ ಮನೆ ಕಟ್ಟಿಕೊಂಡಿದ್ದವಳು. ಅವಳಿಗೆ ಬಂದ ಚಿತ್ರ ಒಂದು ಸಮುದ್ರದಂಡೆ. ಎಲ್ಲಿಯದೋ ದಂಡೆ, ನಮ್ಮದಲ್ಲ. ಅದನ್ನು ನೋಡುತ್ತ ಅವಳು ತಮ್ಮ ಹಳೆಯ ಮನೆಯ ಅಂಗಳದಿಂದ ನೀರಿಗೆ ಇಳಿಯುತ್ತಿದ್ದ ದಾರಿ ಹೇಳತೊಡಗಿದಳು. ದೋಣಿ ಎಳೆದಿಡುತ್ತಿದ್ದ ತಾವು, ಮಳೆಗಾಲದಲ್ಲಿ ನೀರು ಮುಟ್ಟುತ್ತಿದ್ದ ಕಲ್ಲು, ಮೀನು ಒಣಗಿಸುವಾಗ ಕಾಗೆ ಕಾಯುತ್ತಿದ್ದ ಅತ್ತೆ. ಚಿತ್ರದಲ್ಲಿ ಇದ್ಯಾವುದೂ ಇರಲಿಲ್ಲ. ನಾನು ತಡೆಯಲಿಲ್ಲ.

ಮುಗಿಸಿದ ಮೇಲೆ, “ಇದು ಮಿಷನ್ನಿನಲ್ಲಿ ಉಳೀತದಾ ತಂಗಿ?” ಎಂದು ಕೇಳಿದಳು.

“ಉಳೀತದೆ. ನಿಮ್ಮ ಒಪ್ಪಿಗೆ ಇದ್ರೆ.”

“ಇರ್ಲಿ. ಯಾರಾದ್ರೂ ಒಬ್ರಿಗೆ ಆ ದಾರಿ ಗೊತ್ತಿರ್ಲಿ.”

ಚಿತ್ರಕ್ಕೂ ಮಾತಿಗೂ ಸಂಬಂಧವಿಲ್ಲ ಎಂದು ಅದನ್ನು ತಿರಸ್ಕರಿಸಬಹುದೆಂಬ ಅಂಜಿಕೆ ನನಗಿತ್ತು. ಇಂಜಿನಿಯರು ತಾವೇ ಫೋನು ಮಾಡಿದರು. ಅದನ್ನು ಪೂರ್ತಿ ಇಟ್ಟುಕೊಂಡಿದ್ದೇವೆ, ನಮ್ಮ ಇಡೀ ತಂಡ ಕೂತು ಕೇಳಿತು ಎಂದರು. ನಮ್ಮ ಕಡೆಯ ದನಿಗಳನ್ನು ಪರಿಶೀಲಿಸುವ ಕೆಲಸವನ್ನು ಅಂದಿನಿಂದ ನನಗೇ ಒಪ್ಪಿಸಿದರು. ಶುದ್ಧ, ಅಶುದ್ಧ ಎಂಬ ಷರಾ ಹೋಗಿ ‘ಕಾರವಾರ–ಅಂಕೋಲಾ ಕರಾವಳಿ’ ಎಂಬ ಗುರುತು ಬಂತು.

ಈ ವರ್ಷ ಮಳೆಗಾಲ ಮುಗಿಯುತ್ತಿದ್ದಾಗ ಪ್ರಯೋಗಕ್ಕೆಂದು ಹೊಸ ಆ್ಯಪ್ ಕಳಿಸಿದರು. ಅದನ್ನು ನನ್ನ ಮೊಬೈಲಿಗೆ ಹಾಕಿಕೊಂಡು ಪೇಟೆಗೆ ಹೋದೆ. ಮೌಶಿ ಗಿರಾಕಿಗಳ ನಡುವೆಯೇ ಒದ್ದೆ ಕೈಯನ್ನು ಸೆರಗಿಗೆ ಒರಸಿಕೊಂಡು, ಮೊಬೈಲನ್ನು ಬಾಯಿಯ ಹತ್ತಿರ ಹಿಡಿದಳು. ಅವಳ ಮಗ ಮರುದಿನ ಸಮುದ್ರಕ್ಕೆ ಹೋಗುವವನಿದ್ದ.

“ನಾಳಿಗೆ ಗಾಳಿ ಹ್ಯಾಂಗದೆ? ದೋಣಿ ಬಿಡೂಕೆ ಅಡ್ಡಿಲ್ವಾ?”

ಪರದೆಯ ಮೇಲೆ ಅವಳ ಮಾತು ಅವಳು ಆಡಿದಂತೆಯೇ ಮೂಡಿತು. ಹ್ಯಾಂಗದೆ. ಬಿಡೂಕೆ. ಅಡ್ಡಿಲ್ವಾ. ಒಂದಕ್ಷರವನ್ನೂ ಯಂತ್ರ ತಿದ್ದಿರಲಿಲ್ಲ. ಆಮೇಲೆ ಉತ್ತರ ಬಂತು: ನಾಳೆ ಗಾಳಿ ಜೋರಾಗಿರುವ ಮುನ್ಸೂಚನೆಯಿದೆ, ದಯವಿಟ್ಟು ಮೀನುಗಾರಿಕೆಗೆ ತೆರಳಬೇಡಿ.

ಮೌಶಿ ತಲೆಯಾಡಿಸಿದಳು. “ಕೇಳೂಕೆ ಚಂದ ಕಲ್ತದೆ. ಮಾತಾಡುದು ಮಾತ್ರ ಇನ್ನೂ ಕಚೇರಿಯವರ ಹಂಗೆ.”

ಪಕ್ಕದ ಹೆಂಗಸರು ಮೊಬೈಲಿಗಾಗಿ ಕೈಚಾಚಿದರು. ಎಲ್ಲರಿಗೂ ತಮ್ಮ ಮಾತನ್ನು ಅಕ್ಷರದಲ್ಲಿ ನೋಡುವ ಆಸೆ. ಓದಲು ಬಾರದವರು ನನ್ನಿಂದ ಓದಿಸಿಕೊಂಡರು. ಮೀನು ಕೊಳ್ಳಲು ಬಂದಿದ್ದವರೊಬ್ಬರು ಇದೆಂಥ ಗದ್ದಲವೆಂದು ವಿಚಾರಿಸಿದರು. ಮೌಶಿ ಬಂಗಡೆಯ ರಾಶಿಗೆ ನೀರು ಚಿಮುಕಿಸುತ್ತ, ಗದ್ದ ಎತ್ತಿ ನನ್ನನ್ನು ತೋರಿಸಿ ಹೇಳಿದಳು:

“ನಮ್ಮ ಅಕ್ಕನ ಮಗಳು. ಕಂಪ್ಯೂಟರಿಗೆ ಮಾಸ್ತರಕಿ ಮಾಡ್ತದೆ.”