ಬೇವಿನ ಮರದ ಕೆಳಗಿನ ಕಬ್ಬಿಣದಮ್ಮ

ಇವತ್ತು ಬೆಳಿಗ್ಗೆ ಮಂಡಕ್ಕಿಗೆ ಒಗ್ಗರಣೆ ಹಾಕಲು ನಿಂತಿದ್ದೆ. ಕಬ್ಬಿಣದ ಸೌಟು ಕಾದು, ಎಣ್ಣೆ ಇನ್ನೇನು ಹೊಗೆಯಾಡಬೇಕು ಅನ್ನುವ ಹೊತ್ತಿಗೆ ಒಂದು ವಾಸನೆ ಏಳುತ್ತದೆ. ಅದು ಸಾಸಿವೆಯದಲ್ಲ, ಇಂಗಿನದೂ ಅಲ್ಲ, ಬಿಸಿ ಕಬ್ಬಿಣದ್ದು. ನೀವು ಸ್ಟೀಲಿನ ಸೌಟಿನವರಾದರೆ ನಿಮಗೆ ಗೊತ್ತಾಗಲಿಕ್ಕಿಲ್ಲ, ಬೇಸರ ಮಾಡಿಕೊಳ್ಳಬೇಡಿ. ಪಕ್ಕದಲ್ಲಿ ಈರುಳ್ಳಿ ಹೆಚ್ಚುತ್ತಿದ್ದ ಸೊಸೆ ಸವಿತಾ, "ಅತ್ತೆ, ಕೊಡ್ರಿ, ನಾನು ಹಾಕ್ತೀನಿ" ಅಂದಳು. "ಬ್ಯಾಡ ಬಿಡವ್ವಾ, ಇದು ನನ್ನ ಕೈಗೇ ಒಗ್ಗೈತೆ" ಅಂದೆ. ನಿಜಲಿಂಗಪ್ಪ ಬಡಾವಣೆಯ ಈ ಮನೆಗೆ ಅವಳು ಬಂದಾಗಿನಿಂದ ಈ ಎರಡು ಮಾತು ನಮ್ಮ ನಡುವೆ ಇದೇ ರಾಗದಲ್ಲಿ ನಡೆದುಬಂದಿವೆ. ಇವತ್ತು ಮಾತ್ರ ಅವಳು ಅಷ್ಟಕ್ಕೇ ಸುಮ್ಮನಾಗಲಿಲ್ಲ. ಬಗ್ಗಿ ಸೌಟಿನೊಳಗೆ ನೋಡಿ, "ತಳದಾಗೆ ಇದೇನ್ರಿ, ಉಂಗುರ ಇಟ್ಟಂಗೆ?" ಅಂದಳು.

ನಾನು ಒಲೆ ಆರಿಸಿದೆ. ಅದನ್ನು ಹೇಳದೆ ಒಗ್ಗರಣೆ ಹಾಕುವಂತಿರಲಿಲ್ಲ.

ನಾನು ಬಳ್ಳಾರಿಯಲ್ಲಿ ಕಾನ್ವೆಂಟಿನಲ್ಲಿ ಓದಿದವಳು. ಕರವಸ್ತ್ರದ ಅಂಚಿಗೆ ಕಣ್ಣಿಗೆ ಕಾಣದಂತೆ ಹೊಲಿಗೆ ಹಾಕುವುದು, ಸದ್ದಿಲ್ಲದೆ ಟೀ ಕುಡಿಯುವುದು, ತಪ್ಪಿರಲಿ ಇಲ್ಲದಿರಲಿ ಇಂಗ್ಲಿಷಿನಲ್ಲಿ ಕ್ಷಮೆ ಕೇಳುವುದು, ಇಷ್ಟು ವಿದ್ಯೆಯನ್ನು ಗಂಟು ಕಟ್ಟಿಕೊಂಡು ದಾವಣಗೆರೆಯ ಹಳೇಪೇಟೆಗೆ ಸೊಸೆಯಾಗಿ ಬಂದೆ. ನಾನು ತಟ್ಟಿದ ಮೊದಲ ಜೋಳದ ರೊಟ್ಟಿಯನ್ನು ಅತ್ತೆಯವರು ತಿರುಗಿಸಿ ಮುರುಗಿಸಿ ನೋಡಿ, "ಎಮ್ಮಿಗೆ ತೋರಿಸಬ್ಯಾಡವ್ವಾ, ಹಾಲು ಬತ್ತತೈತೆ" ಅಂದಿದ್ದರು. ನಾನು ಇಂಗ್ಲಿಷಿನಲ್ಲಿ ಕ್ಷಮೆ ಕೇಳಿದೆ. ಅದಾದ ಮೇಲೆ ಅವರಿಗೆ ನನ್ನ ಮೇಲೆ ಯಾಕೋ ಅಕ್ಕರೆ ಹುಟ್ಟಿತು.

ಮಾವನವರದು ಮಂಡಿಪೇಟೆಯಲ್ಲಿ ಕಬ್ಬಿಣದ ಅಂಗಡಿ. ಸಲಾಕೆ, ಸರಪಳಿ, ಮೊಳೆ, ಬಂಡಿಯ ಗಾಲಿಗೆ ಹಾಕುವ ಪಟ್ಟಿ ಎಲ್ಲ ಮಾರುತ್ತಿದ್ದರು. ಆದರೆ ಅವರ ಜೀವವಿದ್ದದ್ದು ಅಂಗಡಿಯಲ್ಲಲ್ಲ, ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ. ಮದುವೆಯಾದ ಹೊಸದರಲ್ಲಿ ಅದು ಕಾಳಿನ ಕೋಣೆ ಅಂದುಕೊಂಡು ಬಾಗಿಲು ತೆಗೆದೆ. ಒಳಗೆ ಸಾಲಾಗಿ ಎರಕದ ಕಬ್ಬಿಣದ ಕಪ್ಪು ದಿಮ್ಮಿಗಳು ಗೋಡೆಗೊರಗಿ ಕೂತಿದ್ದವು, ಹೆಣ್ಣು ನೋಡಲು ಬಂದ ಗಂಡಿನ ಕಡೆಯವರ ಹಾಗೆ.

ಅವು ಕಮ್ಮಾರರ ಅಚ್ಚಿನ ದಿಮ್ಮಿಗಳು. ವರ್ಕ್‌ಶಾಪಿನವರು ಸ್ವೇಜ್ ಬ್ಲಾಕ್ ಅನ್ನುತ್ತಾರೆ. ನೋಡಿರದವರಿಗೆ ಹೇಳುತ್ತೇನೆ: ಸುಮಾರು ಮೊಳದುದ್ದ, ಮೊಳದಗಲ, ಅರ್ಧ ಗೇಣು ದಪ್ಪ. ನಾಲ್ಕೂ ಅಂಚಿನಲ್ಲಿ ಕಿರುಬೆರಳಿನಿಂದ ಹಿಡಿದು ಮುಂಗೈವರೆಗೆ ಬೇರೆ ಬೇರೆ ದಪ್ಪದ ಸಲಾಕೆ ಕೂರುವ ಅರೆದುಂಡು ಕಾಲುವೆಗಳು. ಮೈಮೇಲೆ ದುಂಡು ತೂತು, ಚೌಕ ತೂತು, ಬಟ್ಟಲಿನಂಥ ಕುಳಿ, ಚಮಚದಂಥ ಕುಳಿ. ಕೆಂಪಗೆ ಕಾದ ಕಬ್ಬಿಣವನ್ನು ಯಾವ ಕುಳಿಯಲ್ಲಿಟ್ಟು ಬಡಿದರೆ ಆ ಕುಳಿಯ ಆಕಾರಕ್ಕೆ ಬರುತ್ತದೆ. ಒಬ್ಬಟ್ಟಿಗೆ ಎಲೆ ಹೇಗೋ ಕಮ್ಮಾರನಿಗೆ ಇದು ಹಾಗೆ.

ಮಾವನವರು ಒಂದು ಮೊಳೆಯನ್ನೂ ನೆಟ್ಟಗೆ ಹೊಡೆದವರಲ್ಲ. ಹೊಡೆದಾಗಲೆಲ್ಲ ಹೆಬ್ಬೆರಳಿಗೆ ಅರಿಸಿನದ ಬಟ್ಟೆ ಸುತ್ತಬೇಕಾಗುತ್ತಿತ್ತು. ಆದರೆ ದಿಮ್ಮಿಯ ವಿಷಯದಲ್ಲಿ ಅವರ ಕಣ್ಣು ಗಿಡುಗನ ಕಣ್ಣು. ಕೋಟಿನ ಜೇಬಿನಲ್ಲಿ ಸದಾ ಒಂದು ಗಾಜಿನ ಗೋಲಿ. ಎಲ್ಲಾದರೂ ದಿಮ್ಮಿ ಮಾರಾಟಕ್ಕಿದೆ ಅಂದರೆ ಹೋಗಿ, ಕುಳಿಯ ಅಂಚಿನಿಂದ ಗೋಲಿ ಬಿಡುತ್ತಿದ್ದರು. ಅದು ತಡವರಿಸದೆ ಸುತ್ತು ಹಾಕಿ ನಟ್ಟನಡುವೆ ನಿಂತರೆ ಒಳ್ಳೆಯ ಎರಕ. ಒಂದು ಕಡೆ ವಾಲಿದರೆ, "ಇದು ಬ್ಯಾಡಪ್ಪ, ಇದಕ್ಕೆ ಸೊಂಟ ಉಳುಕೈತೆ" ಎಂದು ಎದ್ದುಬಿಡುತ್ತಿದ್ದರು. ಕಾನ್ವೆಂಟಿನಲ್ಲಿ ಮದರ್ ನಮ್ಮ ಹೊಲಿಗೆಯ ಮೇಲೆ ಹೀಗೆಯೇ ಕಣ್ಣು ಮುಚ್ಚಿ ಬೆರಳು ಆಡಿಸುತ್ತಿದ್ದರು. ಈ ಹೋಲಿಕೆಯನ್ನು ಮಾವನವರಿಗೆ ಹೇಳಿದಾಗ, "ಆ ಅಮ್ಮಗೂ ಒಂದು ಗೋಲಿ ಕಳಿಸೋಣೇನು?" ಅಂದಿದ್ದರು.

ಭಾನುವಾರ ಭಾನುವಳ್ಳಿಯಿಂದ ಬಸ್ಸಿನಲ್ಲಿ ಕಮ್ಮಾರ ಮೌನೇಶಪ್ಪ ಬರುತ್ತಿದ್ದ. ಅವನ ಬಾಯಿ ನಿಂತದ್ದನ್ನು ನಾನು ಕಂಡಿಲ್ಲ. ಹಿತ್ತಲಲ್ಲಿ ತಿದಿ ಊದಿ ಬೆಂಕಿ ಮಾಡಿ, ಮಾವನವರು ಆರಿಸಿಕೊಟ್ಟ ದಿಮ್ಮಿಯ ಮೇಲೆ ಬಾಗಿಲ ಚಿಲಕವೋ ಕುಡುಗೋಲೋ ಮಾಡುತ್ತಿದ್ದ. ಮಾವನವರು ಸ್ಟೂಲಿನ ಮೇಲೆ ಕೂತು ಸಂಗೀತ ಕಚೇರಿ ಕೇಳುವವರಂತೆ ತಲೆದೂಗುತ್ತಿದ್ದರು. ಮನೆಗೆ ಬಂದ ಪ್ರತಿ ಸೊಸೆಗೂ ಒಂದು ಒಗ್ಗರಣೆ ಸೌಟು ಹೀಗೆ ಮಾಡಿಸಿಕೊಡುವುದು ಅವರ ಪದ್ಧತಿ. ನನ್ನ ಇಬ್ಬರು ವಾರಗಿತ್ತಿಯರಿಗೂ ಸೌಟು ಸಿಕ್ಕಿತ್ತು. ನನಗೆ ಇನ್ನೂ ಇಲ್ಲ. "ನಿನ್ನ ಸೌಟು ಹರಿಹರದ ದಿಮ್ಮಿಯಾಗೆ ಆಗ್ಬೇಕು, ತಡಿ" ಅನ್ನುತ್ತಿದ್ದರು.

ಹರಿಹರದ ದಿಮ್ಮಿ ಅಂದರೆ ಅವರ ಬಹುಕಾಲದ ಆಸೆ. ಹೊಳೆದಂಡೆಯಲ್ಲಿ ಬಂಡಿ, ಪಂಪು ರಿಪೇರಿ ಮಾಡುವ ಒಂದು ಹಳೆಯ ವರ್ಕ್‌ಶಾಪಿತ್ತು. ಅಲ್ಲಿದ್ದ ದಿಮ್ಮಿಯ ಕುಳಿಯಲ್ಲಿ ಮಾವನವರು ಒಮ್ಮೆ ಗೋಲಿ ಬಿಟ್ಟಿದ್ದರಂತೆ. "ನಿದ್ದಿ ಬಂದ ಕೂಸಿನಂಗೆ ನಿಂತ್ಕಂತು ಕಣವ್ವಾ" ಎಂದು ನನಗೆ ಎಷ್ಟು ಸಲ ಹೇಳಿದರೋ. ಮಾಲೀಕ ಮಾತ್ರ ಕೊಡುತ್ತಿರಲಿಲ್ಲ.

ಇತ್ತ ಅತ್ತೆಯವರಿಗೆ ಸಾಕಾಗಿತ್ತು. ಹಿಂದಿನ ಕೋಣೆ ತುಂಬಿ, ಕಾಳಿನ ಚೀಲಗಳು ನಡುಮನೆಗೆ ಬಂದಿದ್ದವು. ಒಂದು ದಿನ ತಾಂಬೂಲದ ತಟ್ಟೆ ಮುಂದಿಟ್ಟುಕೊಂಡು ತೀರ್ಪು ಕೊಟ್ಟರು: "ಇನ್ನೊಂದು ದಿಮ್ಮಿ ಹೊಸ್ತಿಲು ದಾಟಿತು ಅಂದ್ರೆ ನಾನು ಲೋಕಿಕೆರೆಗೆ ಹೋಗ್ತೀನಿ. ತೌರುಮನ್ಯಾಗೆ ನನಗೊಂದು ಕೋಣೆ ಐತೆ. ಖಾಲಿ ಐತೆ."

ಮಾವನವರು ಬೇಡಿಕೊಂಡರು. "ಹರಿಹರದ್ದು ಒಂದು ಸಿಕ್ರೆ ಸಾಕು ಕಣೇ. ಅದೇ ಕೊನೇದು. ನಿನ್ನಾಣೆ."

"ನನ್ನಾಣೆ ಬ್ಯಾಡ. ಆ ಗೋಲಿ ಆಣೆ ಇಡ್ರಿ."

ಗೋಲಿ ಮುಟ್ಟಿ ಆಣೆಯಾಯಿತು.

ಇಲ್ಲಿ ನಮ್ಮನೆಯ ಎರಡು ಕಟ್ಟಳೆ ಹೇಳಬೇಕು. ಕಬ್ಬಿಣವನ್ನು ಕೈಯಿಂದ ಕೈಗೆ ಕೊಡಬಾರದು; ಕೊಟ್ಟರೆ ಜಗಳ ಬರುತ್ತದೆ. ಕೆಳಗಿಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ಎರಡನೆಯದು, ಶನಿವಾರ ಮನೆಯೊಳಗೆ ಕಬ್ಬಿಣ ತರಬಾರದು. ಅಂಗಡಿಯಲ್ಲಿ ಶನಿವಾರವೂ ಮಾರುತ್ತಿದ್ದರು, ಕೊಂಡವರ ಪಾಡು ಕೊಂಡವರಿಗೆ.

ಹರಿಹರದ ವರ್ಕ್‌ಶಾಪು ಮುಚ್ಚಿತು. ಸಾಮಾನೆಲ್ಲ ವಿಲೇವಾರಿಯಾದದ್ದು, ನಮ್ಮ ಗ್ರಹಚಾರ, ಒಂದು ಶನಿವಾರ. ಸಂಜೆಗೆ ಮಾವನವರು ದಿಮ್ಮಿ ಹೇರಿದ ಬಂಡಿಯ ಪಕ್ಕ ನಡೆಯುತ್ತಲೇ ಬಂದರು, ಎತ್ತಿಗೆ ಭಾರವಾಗುತ್ತದೆಂದು ತಾವು ಹತ್ತಿರಲಿಲ್ಲ. ಅತ್ತೆಯವರು ಬಾಗಿಲಿಗೆ ಅಡ್ಡ ನಿಂತರು.

"ಇವತ್ತು ಶನಿವಾರ."

"ಜಗಲಿ ಮ್ಯಾಲೆ ಇಡ್ತೀನಿ."

"ಜಗಲೀನೂ ಮನೀನೇ."

ಕೊನೆಗೆ ಬೀದಿಯಂಚಿನ ಬೇವಿನ ಮರಕ್ಕೆ ದಿಮ್ಮಿಯನ್ನು ಒರಗಿಸಿ ನಿಲ್ಲಿಸಿದರು. ಒಂದು ರಾತ್ರಿಯ ಮಾತು ತಾನೇ, ನಾಲ್ಕಾಳು ಎತ್ತಬೇಕಾದ್ದನ್ನು ಯಾರು ಕದಿಯುತ್ತಾರೆ ಎಂದು ನಿಶ್ಚಿಂತೆಯಾಗಿ ಮಲಗಿದರು.

ಬೆಳಿಗ್ಗೆ ನಾನು ರಂಗೋಲಿ ಬಟ್ಟಲು ಹಿಡಿದು ಹೊರಗೆ ಬಂದರೆ ಮರದ ಕೆಳಗೆ ದೀಪ ಉರಿಯುತ್ತಿತ್ತು. ದಿಮ್ಮಿಯ ಮೇಲ್ಭಾಗದಲ್ಲಿ ಅಕ್ಕಪಕ್ಕ ಎರಡು ಬಟ್ಟಲು ಕುಳಿ, ಕೆಳಗೆ ಅಡ್ಡಕ್ಕೆ ಒಂದು ಚಮಚದ ಕುಳಿ. ಎರಡು ಕಣ್ಣು, ಒಂದು ಬಾಯಿ! ನಸುಕಿನಲ್ಲಿ ಕಸ ಗುಡಿಸಲು ಬಂದ ಎದುರುಮನೆ ಹಾಲಮ್ಮನಿಗೆ ಅದು ಮುಖವಾಗಿಯೇ ಕಂಡಿದೆ. ಅವಳು ಅರಿಸಿನ ಬಳಿದು, ಕುಂಕುಮವಿಟ್ಟು, ಬೇವಿನ ಸೊಪ್ಪು ಮುಡಿಸಿದ್ದಳು. ಕಣ್ಣಿಗೆ ಗುಡ್ಡೆ ಬೇಕಲ್ಲ, ಚಲಾವಣೆ ಹೋದ ತೂತಿನ ಕಾಸು ಎರಡನ್ನು ಅರಗು ಹಚ್ಚಿ ಕುಳಿಗಳ ತಳಕ್ಕೆ ಅಂಟಿಸಿಬಿಟ್ಟಿದ್ದಳು. ಅಂಗಡಿಯವರು ಬೇಡವೆಂದ ಕಾಸು ದೇವರಿಗೆ ನಡೆಯುತ್ತದೆ ನೋಡಿ. ಅಷ್ಟೇ ಆಗಿದ್ದರೆ ಏನಾದರೂ ಮಾಡಬಹುದಿತ್ತು. ಜ್ವರದಿಂದ ಮಲಗಿದ್ದ ಹಾಲಮ್ಮನ ಮೊಮ್ಮಗಳು ಅದೇ ಬೆಳಿಗ್ಗೆ ಎದ್ದು ಕೂತು ರೊಟ್ಟಿ ಕೇಳಿದಳು.

ಮಾವನವರು ಪಂಚೆ ಸರಿಮಾಡಿಕೊಳ್ಳುತ್ತ ಓಡಿ ಬಂದರು. "ಹಾಲಮ್ಮ, ಅದು ನಂದು ಕಣವ್ವಾ! ಹರಿಹರದಾಗೆ ಕೊಂಡಿದ್ದು!"

"ಸಾವ್ಕಾರ್ರೆ, ದೇವ್ರನ್ನ ಕೊಳ್ಳಾಕೆ ಆಗತೈತೇನ್ರಿ? ನಮ್ಮೂರ ದೇವಿ ದುಗ್ಗಮ್ಮನ ತಂಗಿ ಈಕಿ. ನಿಮ್ಮ ಬಂಡಿ ಹತ್ತಿ ಬಂದಾಳೆ ಅಷ್ಟೇ."

ಎಳೆದು ಒಳಗೆ ತರಬಹುದಿತ್ತಲ್ಲ ಅಂತ ನೀವು ಕೇಳಬಹುದು. ಗಂಗಾಳದಲ್ಲಿ ರೊಟ್ಟಿ ಮುರಿಯುತ್ತ ಮೊಮ್ಮಗಳು ಎದುರಿಗೇ ಕೂತಿದ್ದಾಳೆ. ಬೀದಿಯ ಹೆಂಗಸರೆಲ್ಲ ಕೈಮುಗಿದು ನಿಂತಿದ್ದಾರೆ. ಮಾವನವರಿಗೆ ಕೈ ಬರಲಿಲ್ಲ. ಸಂಜೆಯ ಹೊತ್ತಿಗೆ ದಿಮ್ಮಿಗೆ ಕಬ್ಬಿಣದಮ್ಮ ಎಂದು ಹೆಸರೂ ಆಯಿತು.

ಮೊದಮೊದಲು ಅತ್ತೆಯವರಿಗೆ ಖುಷಿಯೋ ಖುಷಿ. ದಿಮ್ಮಿ ಹೊಸ್ತಿಲಾಚೆ, ಆಣೆ ಹೊಸ್ತಿಲೊಳಗೆ. ಆದರೆ ಮಾವನವರು ಸೊರಗತೊಡಗಿದರು. ಹಾಲಮ್ಮ ದಿನಾ ಬೆಳಿಗ್ಗೆ ಬಿಂದಿಗೆ ನೀರು ಸುರಿದು ಅಭಿಷೇಕ ಮಾಡುತ್ತಿದ್ದಳು. ಪ್ರತಿ ಬಿಂದಿಗೆಗೂ ಒಳಗೆ ಕಾಫಿ ಕುಡಿಯುತ್ತಿದ್ದ ಮಾವನವರು ಬೆಚ್ಚುತ್ತಿದ್ದರು. "ತುಕ್ಕು ಹಿಡಿತೈತೆ, ತುಕ್ಕು ಹಿಡಿತೈತೆ" ಎಂಬುದು ಅವರ ಜಪವಾಯಿತು. ಮಧ್ಯಾಹ್ನ ಬೀದಿ ಖಾಲಿಯಾದಾಗ ಹರಳೆಣ್ಣೆಯ ಬಟ್ಟೆ ಹಿಡಿದು ಹೋಗಿ ಕಾಲುವೆ ಕಾಲುವೆ ಒರೆಸುತ್ತಿದ್ದರು. ಹೆಂಗಸರ ಕಣ್ಣಿಗೆ ಅದೂ ಬಿತ್ತು. "ಸಾವ್ಕಾರ್ರಿಗೆ ಏನು ಭಕ್ತಿ ನೋಡ್ರೆ! ಎಣ್ಣಿ ಮಜ್ಜನ ಮಾಡಿಸ್ತಾರೆ!" ಎಂದು ಬೀದಿಯೆಲ್ಲ ಹೊಗಳಿತು. ಮಳೆಗಾಲ ಹತ್ತಿರವಾಗುತ್ತಿತ್ತು. ಇನ್ನೊಂದು ದಿಮ್ಮಿ ಕೊಳ್ಳುವಂತಿಲ್ಲ, ಕೊಂಡದ್ದು ಕಣ್ಣೆದುರೇ ಹಾಳಾಗುತ್ತಿದೆ. ಅದರ ಮೇಲೆ ಒಂದೇ ಒಂದು ಪೆಟ್ಟು ಬಿದ್ದದ್ದನ್ನೂ ಅವರು ಕೇಳಿರಲಿಲ್ಲ. ಒಂದು ದಿನ ನನ್ನ ಮುಂದೆ, "ನಿನ್ನ ಸೌಟು ಆಗಂಗಿಲ್ಲ ಬಿಡವ್ವಾ" ಅಂದರು. ಗೋಲಿಯನ್ನು ಜೇಬಿನಿಂದ ತೆಗೆದು ದೇವರ ಗೂಡಿನಲ್ಲಿಟ್ಟರು.

ಗೂಡಿನಲ್ಲಿ ಗೋಲಿ ಕಂಡದ್ದೇ ಅತ್ತೆಯವರ ಮುಖ ಬದಲಾಯಿತು. ಅವತ್ತು ಅವರು ಸೊಂಟಕ್ಕೆ ಸೆರಗು ಸಿಕ್ಕಿಸಿ ನೇರವಾಗಿ ಬೇವಿನ ಮರದ ಕೆಳಗೆ ಹೋದರು. ನಾನೂ ಹಿಂದೆ ಹೋದೆ. ಹಾಲಮ್ಮನ ಬಿಂದಿಗೆ ಎತ್ತಿದ ಕೈಯಲ್ಲೇ ಇತ್ತು.

"ಹಾಲವ್ವಾ, ನೀರು ಇಳುಸು. ಅಮ್ಮಗೆ ನೆಗಡಿ ಆಗೈತೆ. ಮೈಯೆಲ್ಲ ಕೆಂಪಾಗಿದ್ದು ಕಾಣಂಗಿಲ್ಲೇನು?"

ಹಾಲಮ್ಮ ಬಗ್ಗಿ ನೋಡಿದಳು. ತುಕ್ಕು ನಿಜವಾಗಿಯೂ ಕೆಂಪಗಿತ್ತು.

"ಕಬ್ಬಿಣದ ದೇವ್ರಿಗೆ ನೀರಿನ ಸೇವೆ ಅಲ್ಲ. ಬೆಂಕಿ ಸೇವೆ, ಸುತ್ತಿಗೆ ಸೇವೆ" ಅಂದರು ಅತ್ತೆಯವರು.

"ಅಯ್ಯೋ, ದೇವ್ರಿಗೆ ಹೊಡಿಯಾದೇನ್ರಿ ಅಕ್ಕಾರೆ?"

"ಕಮ್ಮಾರ್ರು ಕಬ್ಬಿಣ ಬಡಿಯೋ ಅಡಿಗಲ್ಲಿಗೆ ಪೂಜೆ ಮಾಡಂಗಿಲ್ಲೇನು? ಒಂದಿನ ಹೂವು ಏರಿಸ್ತಾರೆ, ವರ್ಷೆಲ್ಲ ಹೊಡಿತಾರೆ. ಅದು ಮುನಿಸ್ಕಂಡೈತೇನು? ಹೊಡಿಲಿಲ್ಲ ಅಂದ್ರೇನೇ ಮುನಿಸು."

ಹಾಲಮ್ಮ ಬಿಂದಿಗೆ ಕೆಳಗಿಟ್ಟಳು. ಕುಲುಮೆಯ ಪೂಜೆಯನ್ನು ಅವಳೂ ಕಂಡವಳೇ. ಕೊನೆಗೆ, "ಹಂಗಾದ್ರೆ ಮೊದಲ್ನೇ ಸೌಟು ನಂಗೆ" ಅಂದಳು.

ಮುಂದಿನ ಭಾನುವಾರ ಮರದ ಕೆಳಗೆ ತಿದಿ ಬಂತು. ದಿಮ್ಮಿಯನ್ನು ಅಂಗಾತ ಮಲಗಿಸಬೇಕಲ್ಲ, ಯಾರೋ ಹೆಂಗಸು ಅಳುಕಿದಳು. "ಯಾವಾಗ್ಲೂ ನಿಂತೇ ಇರ್ಬೇಕೇನು? ಕಾಲು ನೋಯಂಗಿಲ್ಲೇನು?" ಅಂದರು ಅತ್ತೆಯವರು. ಮೌನೇಶಪ್ಪ ಕೈಮುಗಿದು, "ಸಾವ್ಕಾರ್ರೆ, ದೇವ್ರಿಗೆ ಹೊಡಿಯಾಕೆ ನನ್ನ ಕರೆಸಿದ್ದು ಇದೇ ಮೊದ್ಲು. ನನ್ನ ಬೈಯಾಕೆ ಭಾಳ ಮಂದಿ ಕರೆಸ್ಯಾರೆ" ಅಂದ. ಆಮೇಲೆ ಕುಳಿಯೊಳಗೆ ನೋಡಿ ಹೌಹಾರಿದ. "ಈ ಕಾಸು ತಗೀರಿ ಮೊದ್ಲು. ಇದ್ರ ಮ್ಯಾಲೆ ಹೊಡಿದ್ರೆ ಸೌಟಿನ ಅಂದ ಕೆಡತೈತೆ."

"ಅಮ್ಮನ ಕಣ್ಣು ಕೀಳ್ತೀಯೇನೋ!" ಎಂದು ಹಾಲಮ್ಮ ಎರಗಿದಳು.

ಎಲ್ಲರೂ ಮಾವನವರನ್ನು ನೋಡಿದರು. ಅಷ್ಟು ವರ್ಷ ಆಸೆಪಟ್ಟ, ಗೋಲಿ ಕೂಸಿನಂತೆ ನಿಲ್ಲುವ ಆ ಕುಳಿಯ ನಟ್ಟನಡುವೆ ಒಂದು ತೂತಿನ ಕಾಸು. ಅವರು ಒಮ್ಮೆ ಕಾಸನ್ನು, ಒಮ್ಮೆ ಹಾಲಮ್ಮನ ಮೊಮ್ಮಗಳನ್ನು ನೋಡಿದರು.

"ಇರ್ಲಿ ಬಿಡು ಮೌನೇಶಿ" ಅಂದರು. "ಹೊಡಿ."

ಕೆಂಪಗೆ ಕಾದ ದುಂಡು ತಗಡು ಕುಳಿಯ ಮೇಲೆ ಕೂತಿತು. ಸುತ್ತಿಗೆಯ ಮೊದಲ ಪೆಟ್ಟಿಗೆ ಆ ದಿಮ್ಮಿಯಿಂದ ಬಂದ ನಾದವನ್ನು ಬರೆದು ತೋರಿಸಲು ನನಗೆ ಬರುವುದಿಲ್ಲ. ಮಾವನವರು ಸ್ಟೂಲಿನ ಮೇಲೆ ಕಣ್ಣು ಮುಚ್ಚಿ ಕೂತಿದ್ದರು ಅಂದರೆ ಸಾಕು. ಎಡಗಣ್ಣಿನಲ್ಲಿ ಹಾಲಮ್ಮನ ಸೌಟು ಆಯಿತು, ಬಲಗಣ್ಣಿನಲ್ಲಿ ನನ್ನದು. ಎರಡರ ತಳದಲ್ಲೂ ಉಂಗುರದ ಉಬ್ಬು. ನನ್ನ ಸೌಟಿನೊಳಗೆ ಮಾವನವರು ಗೋಲಿ ಬಿಟ್ಟರು. ಅದು ಸುತ್ತಿ ಬಂದು ಉಂಗುರವನ್ನು ಹತ್ತಿ, ಇಳಿದು, ನಡುವಿನ ತೂತಿನ ಗುರುತಿನ ಮೇಲೆ ನಿಂತಿತು. "ನೋಡು, ಇದಕ್ಕೆ ಮನಿ ಸಿಕ್ತು" ಎಂದು ನಕ್ಕರು. ಕಾಸುಗಳು ಅಷ್ಟೂ ಪೆಟ್ಟು ತಿಂದು ಸೀಳಿ ಉದುರಿದವು. ಅಮ್ಮ ಹಳೇ ಕಣ್ಣು ಬಿಟ್ಟಳು ಎಂದು ಹಾಲಮ್ಮ ಸಮಾಧಾನಪಟ್ಟುಕೊಂಡಳು. ಉಂಗುರವಿರುವ ಸೌಟು ಲೋಕದಲ್ಲಿ ಎರಡೇ.

ಅಲ್ಲಿಂದ ಮುಂದೆ ಭಾನುವಾರ ಬಂತೆಂದರೆ ಬೀದಿಯ ಕುಡುಗೋಲು, ಸಲಾಕೆ, ಸೌಟೆಲ್ಲ ಮರದಡಿಗೆ ಬರುತ್ತಿದ್ದವು. ಅತ್ತೆಯವರು ಅಷ್ಟಕ್ಕೇ ಬಿಡಲಿಲ್ಲ. ಒಂದು ದಿನ ಅಡಕೆ ಕತ್ತರಿಸುತ್ತ, "ಅಮ್ಮಗೆ ಒಬ್ಬಾಕೆಗೇ ಬ್ಯಾಸ್ರ ಆಗತೈತೆ. ಒಳಗಿರೋ ಅಕ್ಕತಂಗೇರನ್ನೂ ಕರಕಂಡು ಹೋಗ್ರಿ" ಅಂದರು. ಹಿಂದಿನ ಕೋಣೆಯ ದಿಮ್ಮಿಗಳು ಒಂದೊಂದಾಗಿ ಮರದಡಿಗೆ ಹೊರಟವು, ಕಾಳಿನ ಚೀಲಗಳು ಒಂದೊಂದಾಗಿ ಕೋಣೆಗೆ ಮರಳಿದವು. ಗೆದ್ದವರು ಯಾರೆಂದು ಮಾವನವರಿಗೆ ಕೊನೆಯವರೆಗೂ ತಿಳಿಯಲಿಲ್ಲ. ನನಗೆ ತಿಳಿದಿತ್ತು.

ಈಗ ಆ ಬೇವಿನ ಮರವಿಲ್ಲ. ಅಕ್ಕತಂಗಿಯರು ಯಾವ ಯಾವ ಕುಲುಮೆ ಸೇರಿದರೋ. ಕಬ್ಬಿಣದಮ್ಮನಿಗೆ ಮಾತ್ರ ಪುಟ್ಟ ಗುಡಿ, ಬಾಗಿಲು, ಬೀಗ ಎಲ್ಲ ಆಗಿದೆ. ಕುಳಿಗಳಿಗೆ ಬೆಳ್ಳಿಯ ಕಣ್ಣು. ಹೋದ ತಿಂಗಳು ಹೋಗಿದ್ದೆ. ಅಂಚಿನ ಕಾಲುವೆಗಳು ಹಾಗೇ ಇವೆಯೇ ಎಂದು ನೋಡಲು ಬೆರಳು ಚಾಚಿದರೆ, ಪೂಜಾರಿ ಹುಡುಗಿಯೊಬ್ಬಳು, "ಬ್ಯಾಡ್ರಿ ಅಮ್ಮ, ಮುಟ್ಟಬ್ಯಾಡ್ರಿ" ಅಂದಳು. ಮೆತ್ತಗೇ ಅಂದಳು. ಆ ದನಿಯನ್ನು ಎಲ್ಲೋ ಕೇಳಿದ್ದೇನೆ ಅನ್ನಿಸಿ, ಎಲ್ಲಿ ಎಂದು ತಿಳಿಯದೆ ಮನೆಗೆ ಬಂದಿದ್ದೆ. ಇವತ್ತು ಸವಿತಾಳಿಗೆ ಇದನ್ನೆಲ್ಲ ಹೇಳಿ ಮುಗಿಸುವಾಗ ತಿಳಿಯಿತು. ಅದು ನಮ್ಮ ಅಡುಗೆಮನೆಯಲ್ಲಿ ಕೇಳಿದ ದನಿ, ನನ್ನದೇ.

ಸವಿತಾ ಕೈ ಚಾಚಿದಳು. ನಾನು ಸೌಟನ್ನು ಅವಳ ಕೈಗೆ ಕೊಡದೆ ಕಟ್ಟೆಯ ಮೇಲಿಟ್ಟೆ. ಅವಳ ಮುಖ ಸಣ್ಣಗಾಯಿತು.

"ಕಬ್ಬಿಣ ಕೈಗೆ ಕೊಡಂಗಿಲ್ಲ ಕಣೇ" ಅಂದೆ. "ಎತ್ಕೋ."

ಅವಳು ಎತ್ತಿಕೊಂಡು ಒಲೆ ಹಚ್ಚಿದಳು. ಎಣ್ಣೆ ಕಾಯಿತು, ಸಾಸಿವೆ ಬಿತ್ತು. "ಅಯ್ಯ, ಎಲ್ಲಾ ಉಂಗುರದ ಸುತ್ತ ಕುಂತಾವು ನೋಡ್ರಿ ಅತ್ತೆ!" ಎಂದು ಅವಳು ನೋಡುತ್ತಾ ನಿಂತಷ್ಟರಲ್ಲಿ ಸಾಸಿವೆ ಕೊಂಚ ಸೀದೇ ಹೋಯಿತು. ನಾನು ಮಂಡಕ್ಕಿಯನ್ನು ಎರಡನೆಯ ಸಲವೂ ಹಾಕಿಸಿಕೊಂಡು ತಿಂದೆ.