ಶರಣಮ್ಮ ಮುಳುಗಿದ ಭಾನುವಾರ

"ಶರಣಮ್ಮ ಮುಳುಗಾಕತ್ತಾಳ!"

ಅಪ್ಪ ಕೆರೆ ದಂಡೆಯಲ್ಲಿ ಹೀಗೆ ಕೂಗಿದ್ದೇ ತಡ, ವಾಕಿಂಗ್‌ಗೆ ಬಂದವರೆಲ್ಲ ಓಡಿ ಬಂದರು.

ಶರಣಮ್ಮ ಅಂದರೆ ನಮ್ಮ ಅವ್ವ. ಆದರೆ ಮುಳುಗುತ್ತಿದ್ದದ್ದು ಅವ್ವನ ಹೆಸರಿಟ್ಟಿದ್ದ ಪುಟ್ಟ ಹಾಯಿದೋಣಿ!

ನಾವಿದ್ದ ತೆಲುಗು ಮಹಾನಗರದ ಮಾದಾಪುರದಲ್ಲಿ ಬಂಡೆ ಒಡೆದು ಗಾಜಿನ ಆಫೀಸು ಎಬ್ಬಿಸುತ್ತಿದ್ದ ಕಾಲ ಅದು. ಕಂಪನಿ ನನ್ನನ್ನು ಆನ್‌ಸೈಟ್ ಅಂತ ವಿದೇಶಕ್ಕೆ ಕಳಿಸಿತ್ತು. ಬರುವಾಗ ಅಪ್ಪನಿಗೆ ರಿಮೋಟ್ ಹಾಯಿದೋಣಿಯ ಕಿಟ್ ತಂದೆ. ರಿಟೈರ್ ಆದಾಗಿನಿಂದ ಅಪ್ಪ ಕೂಕಟ್‌ಪಲ್ಲಿ ಫ್ಲ್ಯಾಟಿನಲ್ಲಿ ಚೆನ್ನಾಗಿದ್ದ ಫ್ಯಾನುಗಳನ್ನೆಲ್ಲ ಬಿಚ್ಚಿ ರಿಪೇರಿ ಮಾಡುತ್ತಿದ್ದ...

ಈ ದೋಣಿಗೆ ಮೋಟಾರ್ ಇಲ್ಲ. ಓಡಿಸುವುದು ಗಾಳಿ. ರಿಮೋಟಿನ ಒಂದು ಕಡ್ಡಿ ಚುಕ್ಕಾಣಿ ತಿರುಗಿಸುತ್ತದೆ, ಇನ್ನೊಂದು ಹಾಯಿಯ ಹಗ್ಗ ಬಿಗಿ ಮಾಡುತ್ತದೆ, ಸಡಿಲ ಬಿಡುತ್ತದೆ. ಕೇಳೋಕೆ ಸುಲಭ!

ಆ ಭಾನುವಾರ ಅಪ್ಪನ ಮೊದಲ ರೇಸ್. ಎದುರಾಳಿ ಪಕ್ಕದ ಬ್ಲಾಕಿನ ರಾವ್ ಗಾರು. ಗೆದ್ದ ದೋಣಿಗೆ ಅಪಾರ್ಟ್‌ಮೆಂಟ್ ಲಾಬಿಯ ಶೋಕೇಸಿನಲ್ಲಿ ಜಾಗ. ಅಪ್ಪನಿಗೆ ವಾರವಿಡೀ ನಿದ್ದೆ ಇಲ್ಲ.

ಅಪ್ಪನೇ ಮುಂದಿದ್ದ. ಗುರುತಿಗೆ ಬಿಟ್ಟಿದ್ದ ತೇಲುವ ಕ್ಯಾನ್ ಸುತ್ತಿ ವಾಪಸ್ ತಿರುಗುವಾಗ ಗಾಳಿ ರಪ್ಪನೆ ಬಡಿಯಿತು. ದೋಣಿ ಅಡ್ಡಡ್ಡ ಮಲಗಿತು. ಆಗಲೇ ಆ ಕೂಗು.

"ಎವರೋ ಆಂಟಿ ನೀಳ್ಳಲ್ಲೋ ಪಡಿಪೋಯಿಂದಿ!" ಅಂತ, ಆಂಟಿಯೊಬ್ಬರು ನೀರಿಗೆ ಬಿದ್ದರೆಂದು ಯಾರೋ ತೆಲುಗಿನಲ್ಲಿ ಸುದ್ದಿ ಹಬ್ಬಿಸಿದರು.

ಟ್ರ್ಯಾಕ್ ಸೂಟಿನ ದಪ್ಪನೆಯ ಸಾಹೇಬರೊಬ್ಬರು ಶೂ ಸಮೇತ ಧುಮುಕಿಯೇಬಿಟ್ಟರು. ನೀರು ಮೊಣಕಾಲಷ್ಟು. ಅಲ್ಲೇ ನಿಂತು ಸುತ್ತ ನೋಡುತ್ತಾರೆ... "ಆಂಟಿ ಕಿದರ್ ಹೈ?"

ಅಷ್ಟರಲ್ಲಿ ಮಿರ್ಚಿ ಭಜಿ ಪೊಟ್ಟಣ ಹಿಡಿದು ಅವ್ವ ಬಂದಳು. "ಯಾರ್ರೀ ಮುಳುಗಿದವ್ರು?"

"ನೀನ ನೋಡು," ಅಂದ ಅಪ್ಪ, ದೋಣಿಯಿಂದ ಕಣ್ಣು ಕೀಳದೆ.

"ನಾ ಇಲ್ಲೇ ನಿಂತೀನಲ್ಲ! ಭಜಿ ತಿಂತೀರೋ, ಅಳ್ತೀರೋ?"

ದೋಣಿಯ ಅಡಿಗೆ ಸೀಸದ ಭಾರ ಇರುತ್ತದೆ. ಗಾಳಿ ತಗ್ಗಿದ್ದೇ ದೋಣಿ ತಾನಾಗಿಯೇ ಎದ್ದು, ಹಾಯಿಯ ನೀರು ಕೊಡವಿಕೊಂಡು ಹೊರಟಿತು.

ರಾವ್ ಗಾರು ಪಾಪ, ರಿಮೋಟ್ ಕೆಳಗಿಟ್ಟು ಸಾಹೇಬರನ್ನು ಕೈ ಹಿಡಿದು ದಡಕ್ಕೆಳೆಯಲು ಓಡಿದ್ದರು. ಅವರ ದೋಣಿ ಹೋಗಿ ಜೊಂಡಿನಲ್ಲಿ ಸಿಕ್ಕಿಕೊಂಡಿತ್ತು.

ಅಪ್ಪ ಗೆದ್ದ. ನಾಚಿಕೆಯಿಲ್ಲದೆ ಕುಣಿದ.

ಸಾಹೇಬರು ಸಾಕ್ಸ್ ಹಿಂಡಿ, ಅವ್ವ ಕೊಟ್ಟ ಭಜಿ ತಿಂದು, ಮೆಲ್ಲಗೆ ಕೇಳಿದರು: "ಜರಾ ಹಮ್ ಭೀ ಚಲಾಯೇ ಕ್ಯಾ?" ಅವರಿಗೂ ಒಂಚೂರು ಓಡಿಸಬೇಕಂತೆ. ರಿಮೋಟ್ ಕೈಗೆ ಸಿಕ್ಕಿದ ಮೇಲೆ ವಾಪಸ್ ಕೊಡಲೇ ಒಲ್ಲರು!

ಗುರುತು ಪರಿಚಯ ಇಲ್ಲದ ಯಾರದೋ ಸಲುವಾಗಿ ನೀವು ಹೀಗೆ ಹಿಂದೆ ಮುಂದೆ ನೋಡದೆ ನೀರಿಗೆ ಇಳಿದದ್ದುಂಟಾ?