ಏಳು ಕಡೆ ನಿಲ್ಲುವ ದಾರಿ

ನಮ್ಮವರು ಬಸ್ ಡ್ರೈವರ್ ಆಗಿದ್ದರು. ಮೂವತ್ತೊಂದು ವರ್ಷ ಅದೇ ಕೆಲಸ. ಮಾತು ಕಡಿಮೆ. ಮನೆಗೆ ಬಂದರೆ ಶೂ ಬಿಚ್ಚಿ ಬಾಗಿಲ ಪಕ್ಕ ಜೋಡಿಸಿ, ಕೈ ತೊಳೆದು, ತಟ್ಟೆ ಮುಂದೆ ಕೂರುವರು. ಉಪ್ಪು ಕಡಿಮೆಯಾದರೆ ಬಾಯಿಬಿಟ್ಟು ಹೇಳುವವರಲ್ಲ. ಎದ್ದು ಹೋಗಿ ತಾವೇ ತಂದು ಹಾಕಿಕೊಳ್ಳುವರು.

ರಿಟೈರ್ ಆದ ವರ್ಷ, ಡಿಪೋದಲ್ಲಿ ಬಸ್ಸಿನ ಕೆಳಗೆ ಮಲಗುತ್ತಿದ್ದ ನಾಯಿಮರಿಯನ್ನು ಮನೆಗೆ ತಂದರು. ಎಲ್ಲಿಗೆ ಹೊರಟರೂ ಮೊದಲು ಎರಡು ಸಲ ಬೊಗಳುತ್ತದೆ ಅಂತ ಅದಕ್ಕೆ ಕಂಡಕ್ಟರ್ ಅಂತ ಹೆಸರಿಟ್ಟರು. ಅವನು ರೈಟ್ ಅನ್ನದೆ ನಾನು ಗಾಡಿ ತೆಗೆಯುವುದಿಲ್ಲ ಅನ್ನುತ್ತಿದ್ದರು. ದಿನಾ ಬೆಳಿಗ್ಗೆ ಇಬ್ಬರೂ ಪಾರ್ಕಿಗೆ ಹೋಗಿ ಬರುತ್ತಿದ್ದರು. ನಾನು ಒಂದು ದಿನವೂ ಹೋದವಳಲ್ಲ. ಮಂಡಿ ಸವೆದು, ಒಲೆಯಿಂದ ನಲ್ಲಿಗೆ ಹೋಗುವುದೇ ನನಗೊಂದು ಪ್ರಯಾಣವಾಗಿತ್ತು.

ಒಂದು ಬೆಳಿಗ್ಗೆ ಬಚ್ಚಲ ಬಾಗಿಲಲ್ಲಿ ಕುಸಿದರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಹೃದಯದ ಕಾಯಿಲೆ, ಇವತ್ತು ಶುರುವಾದದ್ದಲ್ಲ, ತಿಂಗಳುಗಟ್ಟಲೆ ಏದುಸಿರು ಬಂದಿರಬೇಕು, ಮನೆಯಲ್ಲಿ ಯಾರೂ ನೋಡಲಿಲ್ಲವೇ ಅಂತ ಡಾಕ್ಟರು ಕೇಳಿದರು. ಇಲ್ಲ ಅಂದೆ. ಪಕ್ಕದಲ್ಲಿ ನಾದಿನಿ ನಿಂತಿದ್ದಳು.

"ಒಂದೇ ಮನೇಲಿದ್ದು ಗೊತ್ತಾಗ್ಲಿಲ್ವಾ ಅತ್ತಿಗೆ?" ಅಂದಳು.

ಆಮೇಲೆ ಬಂದವರ ಮುಂದೆಲ್ಲ ಅದನ್ನೇ ಅಂದಳು. ನನ್ನ ಜೊತೆ ಮಾತು ಬಿಟ್ಟಳು. ನಮ್ಮದು ಎರಡು ಕೋಣೆಯ ಮನೆ, ಮೆಟ್ಟಿಲಿಲ್ಲ. ಕೆಲಸವಿಲ್ಲದೆ ಅವರು ಕುರ್ಚಿ ಬಿಟ್ಟು ಏಳುವವರಲ್ಲ. ಅಂಥವರಿಗೆ ಏದುಸಿರು ಯಾವಾಗ ಬಂತು? ನಾನು ನೋಡಲಿಲ್ಲವೋ, ಅವರು ತೋರಿಸಲಿಲ್ಲವೋ? ಇದೊಂದು ನನಗೆ ತಿಳಿಯಬೇಕಿತ್ತು. ಹೇಳಬೇಕಾದವರು ಹೋಗಿಬಿಟ್ಟಿದ್ದರು.

ನಾಯಿ ಒಂದು ತಿಂಗಳು ದಿನಾ ಬಾಗಿಲಲ್ಲಿ ಕಾದಿತು. ಕೊನೆಗೆ ಅದರ ಕಾಟ ತಡೆಯದೆ, ಆಪರೇಷನ್ ಆಗಿ ಹದಕ್ಕೆ ಬಂದಿದ್ದ ಮಂಡಿಯನ್ನು ನಂಬಿ ನಾನೇ ಕರೆದುಕೊಂಡು ಹೋದೆ.

ಪಾರ್ಕಿನ ಗೇಟು ದಾಟಿದರೆ ಮಣ್ಣಿನ ಕಾಲುದಾರಿಗಳು ಬೇರೆ ಬೇರೆ ಕಡೆ ಹೋಗುತ್ತವೆ. ನಾಯಿ ಯೋಚನೆ ಮಾಡದೆ ಒಂದನ್ನು ಹಿಡಿಯಿತು. ನೂರು ಹೆಜ್ಜೆ ಆಗಿರಬೇಕು, ಒಂದು ಮರದ ಬುಡದಲ್ಲಿ ಕೂತುಬಿಟ್ಟಿತು. ಎಳೆದೆ. ಜಪ್ಪಯ್ಯ ಅಂದರೂ ಏಳಲಿಲ್ಲ. ಬೈದೆ. ಒಂದು ಲೋಟ ಟೀ ಕುಡಿಯುವಷ್ಟು ಹೊತ್ತು ಬಿಟ್ಟು ತಾನಾಗಿ ಎದ್ದಿತು. ಇನ್ನಷ್ಟು ದೂರ ಹೋಗಿ ಮತ್ತೆ ಕೂತಿತು. ಅಲ್ಲಿ ನೋಡಲಿಕ್ಕೆ ಏನೂ ಇಲ್ಲ. ಎದುರಿಗೆ ಯಾವುದೋ ಅಂಗಡಿಯ ಹಿಂದಿನ ಗೋಡೆ, ಒಂದು ಮುರುಕು ಪೈಪು. ಹೀಗೆ ಏಳು ಕಡೆ ಕೂತಿತು. ಇದರ ಕಾಲಿಗೂ ನನ್ನ ಕಾಯಿಲೆ ಅಂಟಿತೇನೋ ಅಂದುಕೊಂಡೆ.

ದಾರಿಯ ಕೊನೆಗೆ ನಾಯಿಗಳನ್ನು ಬಿಡುವ ಜಾಗ. ಸುತ್ತ ತಂತಿ ಬೇಲಿ, ಒಂದರ ಹಿಂದೆ ಒಂದು ಎರಡು ಬಾಗಿಲು. ಹೊರಗಿನದನ್ನು ಮುಚ್ಚಿ ಒಳಗಿನದನ್ನು ತೆಗೆಯಬೇಕಂತೆ. ನನಗೇನು ಗೊತ್ತು, ಎರಡನ್ನೂ ಹಾರುಹೊಡೆದೆ. ಒಳಗಿದ್ದ ಬಿಳಿ ನಾಯಿಯೊಂದು ನನ್ನ ಕಾಲಸಂದಿಯಲ್ಲಿ ನುಗ್ಗಿ ಓಡಿತು. ಕಸ ಗುಡಿಸುತ್ತಿದ್ದ ಕಾವಲಿನ ಹೆಂಗಸು ಪೊರಕೆ ಎಸೆದು ಅದನ್ನು ಹಿಡಿದು ತಂದಳು. ಬೈಯಲು ಬಾಯಿ ತೆರೆದವಳು ಕಂಡಕ್ಟರನ್ನು ನೋಡಿ ನಿಂತಳು. ಅವನೋ, ಹಗ್ಗ ಬಿಚ್ಚಿದ ಕೂಡಲೇ ಬುಗುರಿ ಹಾಗೆ ಬೇಲಿ ಸುತ್ತ ಓಡುತ್ತಿದ್ದ. ಕಾಲಿಗೆ ಏನೂ ಆಗಿರಲಿಲ್ಲ.

"ಲೋಕಲ್ ಬಸ್ಸಿನವರ ಮನೆಯವರಾ ನೀವು?" ಅಂದಳು.

ಹಾಗೆಂದರೆ ಏನು ಅಂತ ಕೇಳಿದೆ. ಪಾರ್ಕಿನವರೆಲ್ಲ ಅವರನ್ನು ಹಾಗೇ ಕರೆಯುತ್ತಿದ್ದರಂತೆ. ದಾರಿಯಲ್ಲಿ ಅಲ್ಲಲ್ಲಿ ನಿಲ್ಲುತ್ತಿದ್ದರಂತೆ. ಯಾಕೆ ಅಂತ ಯಾರಾದರೂ ಕೇಳಿದರೆ, ನಮ್ಮದು ಎಕ್ಸ್‌ಪ್ರೆಸ್ ಅಲ್ಲಪ್ಪ, ಲೋಕಲ್ಲು, ಸ್ಟಾಪ್ ಸ್ಟಾಪಿಗೂ ನಿಲ್ಲಬೇಕು ಅನ್ನುತ್ತಿದ್ದರಂತೆ. ಎಲ್ಲರೂ ನಗುತ್ತಿದ್ದರಂತೆ. ಹೋದ ವರ್ಷ ಎರಡೇ ಸ್ಟಾಪು ಇತ್ತು, ಆಮೇಲೆ ನಾಲ್ಕಾಯಿತು, ಕೊನೆಗೆ ಏಳು ಅಂತ ನಕ್ಕಳು. ನಾಯಿಯೂ ಅವರ ಜೊತೆ ಕೂತು ಕೂತು ಕಲಿತಿತ್ತು.

ಪಕ್ಕದ ಕಲ್ಲಿನ ಮೇಲೆ ಕೂತು, ಅವರು ಹೋದ ತಿಂಗಳು ತೀರಿಕೊಂಡರು ಅಂದೆ. ಅವಳು ನಗುವುದನ್ನು ನಿಲ್ಲಿಸಿದಳು. ನಿಮಗೆ ಏನಾದರೂ ಹೇಳಿದ್ದರೇ ಅಂತ ಕೇಳಿದೆ. ಅವಳು ಪೊರಕೆಯ ಕಡ್ಡಿಗಳನ್ನು ಒಂದೊಂದಾಗಿ ಸರಿಮಾಡಿದಳು.

"ಎದೆ ಹಿಡ್ಕೊಂಡು ಕೂತಿದ್ರು ಅಕ್ಕ, ಒಂದ್ಸಲ. ಡಾಕ್ಟರಿಗೆ ತೋರಿಸಿ ಅಂದೆ. ನಮ್ಮವಳ ಮಂಡಿ ಆಪರೇಷನ್ ಆಗ್ಲಿ, ಅವಳು ಎದ್ದು ಓಡಾಡ್ಲಿ, ಆಮೇಲೆ ನಂದು ಅಂದ್ರು. ಈಗ ಹೇಳಿದ್ರೆ ಅವಳು ಆಪರೇಷನ್ನೇ ಬೇಡ ಅಂತಾಳೆ ಅಂದ್ರು."

ಅನ್ನುತ್ತಿದ್ದೆ. ಖಂಡಿತ ಬೇಡ ಅನ್ನುತ್ತಿದ್ದೆ. ನನ್ನನ್ನು ಅವರು ಚೆನ್ನಾಗಿ ತಿಳಿದಿದ್ದರು.

ಆಪರೇಷನ್ ಆಯಿತು. ಎರಡು ತಿಂಗಳು ನನ್ನನ್ನು ಎತ್ತಿ ಕೂರಿಸಿ, ಬಿಸಿನೀರು ಹೊತ್ತು ತಂದು, ಕಾಲು ಮಡಿಸಿ ಬಿಡಿಸಿ ಮಾಡಿದವರು ಅವರೇ. ಪ್ರತಿ ಸಲ ಆದ ಮೇಲೆ ನಾಯಿಗೆ ನೀರಿಡುತ್ತೇನೆ ಅಂತ ಹೊರಗೆ ಹೋಗುತ್ತಿದ್ದರು. ನಾನು ಊರುಗೋಲು ಬಿಟ್ಟು ಒಂಬತ್ತು ದಿನಕ್ಕೆ ಹೋದರು.

ವಾಪಸು ಬರುವಾಗ ನಾಯಿ ಕೂತಲ್ಲೆಲ್ಲ ನಾನೂ ನಿಂತೆ. ಅಳು ಬರಲಿಲ್ಲ. ಸಿಟ್ಟು ಬಂತು. ಪೊರಕೆಯವಳಿಗೆ ಹೇಳಿದ್ದೀರಿ, ನಾಯಿಗೆ ಗೊತ್ತು, ಕಟ್ಟಿಕೊಂಡವಳಿಗೆ ಹೇಳಲಿಕ್ಕೆ ಏನಾಗಿತ್ತು ಅಂತ ಗಟ್ಟಿಯಾಗಿಯೇ ಕೇಳಿದೆ. ಎದುರು ಬರುತ್ತಿದ್ದವರು ದಾರಿ ಬಿಟ್ಟು ಪಕ್ಕಕ್ಕೆ ಸರಿದರು.

ನಾನು ನೋಡಲಿಲ್ಲ ಅನ್ನುವ ಅಪವಾದ ತಪ್ಪಿತು. ಆದರೆ ಅದಕ್ಕಿಂತ ಭಾರದ್ದು ತಲೆಗೆ ಬಂತು. ಇದನ್ನು ನಾದಿನಿಗೆ ಹೇಳಿದರೆ, ನಿಮ್ಮ ಮಂಡಿಗೋಸ್ಕರ ನನ್ನಣ್ಣ ಸತ್ತ ಅನ್ನುತ್ತಾಳೆ. ಹೇಳದಿದ್ದರೆ ನಾನೂ ಅವರ ಹಾಗೇ ಬಚ್ಚಿಟ್ಟ ಹಾಗಾಯಿತು. ಬಚ್ಚಿಟ್ಟರೆ ಏನಾಗುತ್ತದೆ ಅಂತ ಆಗಲೇ ನೋಡಿದ್ದೆ.

ಮನೆಗೆ ಬಂದು ನಾಯಿಗೆ ನೀರಿಟ್ಟು ಫೋನ್ ಮಾಡಿದೆ. ಅವಳು ಹಲೋ ಕೂಡ ಅನ್ನಲಿಲ್ಲ. ಮೊದಲಿಂದ ಕೊನೆವರೆಗೆ ಹೇಳಿದೆ, ಮಂಡಿಯ ಮಾತನ್ನೂ ಬಿಡಲಿಲ್ಲ. ಇಟ್ಟುಬಿಟ್ಟಳೇನೋ ಅಂದುಕೊಂಡೆ.

"ಸಣ್ಣವನಿದ್ದಾಗ ಅವನ ಕಾಲಿಗೆ ಮೊಳೆ ನೆಟ್ಟಿತ್ತು ಅತ್ತಿಗೆ," ಅಂದಳು. "ಮೂರು ದಿನ ಯಾರಿಗೂ ಹೇಳ್ಲಿಲ್ಲ. ಅಮ್ಮನಿಗೆ ಜ್ವರ ಇತ್ತು."

ತಪ್ಪಾಯಿತು ಅಂತ ಅವಳು ಅನ್ನಲಿಲ್ಲ. ನಾನೂ ಕಾಯಲಿಲ್ಲ. ಇಬ್ಬರೂ ಫೋನ್ ಹಿಡಿದುಕೊಂಡೇ ಕೂತಿದ್ದೆವು.